ಇಲ್ಲದ ಬ್ರೇಕಿನ ಮೇಲೆ ಕಾಲು

ಗ್ರ್ಯಾಂಡ್ ಫೋರ್ಕ್ಸ್, ಫೆಬ್ರವರಿ. ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
ಕಾರುಗಳ ಮೂತಿಯಿಂದ ವಯರು ಜೋತು
ಗೂಟಕ್ಕೆ ಕಟ್ಟಿದ ದನಗಳ ಹಾಗೆ
ಕರೆಂಟು ಮೇಯುತ್ತ ನಿಂತಿವೆ.
ಒಳಗೆ ಬೆರ್ನಿಸ್ ಹಾಲ್ವರ್ಸನ್, ವಯಸ್ಸು ಐವತ್ತೆಂಟು,
ಇಲಿಯ ಮಿದುಳನ್ನು ಕುಯ್ಯುತ್ತಾಳೆ,
ಅರ್ಧ ಮಿಲಿಮೀಟರು ದಪ್ಪ, ಕೈ ನಡುಗದೆ.
ಉಪ್ಪುನೀರಿನ ತೊಟ್ಟಿಯಲ್ಲಿ ಆ ಹೋಳು
ತಾನು ಯಾರದ್ದೆಂದು ತಿಳಿಯದೆ
ಇನ್ನೂ ಬದುಕಿದೆ.

ಅದಕ್ಕೆ ಮೂರ್ಛೆ ಬರಿಸಬೇಕು. ಅವಳ ಕೆಲಸವೇ ಅದು.
ನೀರಿನಿಂದ ಮೆಗ್ನೀಷಿಯಮ್ ತೆಗೆದರೆ ಸಾಕು,
ತೆರೆಯ ಮೇಲೆ ಮಲಗಿದ್ದ ಹಸಿರು ಗೆರೆ ಎದ್ದು
ಬಾಚಣಿಗೆಯ ಹಲ್ಲಾಗುತ್ತದೆ.
ಸಾವಿರ ಕೋಶ ಒಂದೇ ಮಾತನ್ನು
ಒಂದೇ ಗಳಿಗೆಯಲ್ಲಿ ಕೂಗಿದರೆ
ಅದು ಒಗ್ಗಟ್ಟಲ್ಲ, ಅಪಸ್ಮಾರ.

ತಮ್ಮ ಡೆಲ್ಮರ್‌ಗೆ ಬಂದದ್ದು ಅಕ್ಟೋಬರಿನಲ್ಲಿ,
ಬೀಟ್ ಸುಗ್ಗಿಯ ಒಂಬತ್ತನೇ ರಾತ್ರಿ,
ಲಾರಿಯ ತುಂಬ ಸಕ್ಕರೆಗೆಡ್ಡೆ, ಕಣ್ಣ ತುಂಬ ನಿದ್ದೆ.
ರಬ್ಬರು ಸುಟ್ಟ ವಾಸನೆ ಬಂತು ಅನ್ನುತ್ತಾನೆ, ಆಮೇಲೆ
ಆಮೇಲೆ ಎಂಬುದು ಅವನ ಬಳಿ ಇಲ್ಲ.
ಲೈಸೆನ್ಸು ಹೋಯಿತು. ಎರಡು ಮಾತ್ರೆ ಸೋತವು.
ಮೂರನೆಯದು ಮೂರ್ಛೆ ಬಿಟ್ಟು ಮಾತು ನುಂಗಿತು:
ಚಮಚದ ಹೆಸರು ಸಿಗದೆ, ಸಾಕಿದ ನಾಯಿಯ ಹೆಸರು ಸಿಗದೆ
ಬೆರಳು ತೋರಿಸಿದ.

ನನ್ನ ಭಾಷೆಯಲ್ಲಿ ಕೋಶದ ಮೇಲೆ ಕೂತು ಔಷಧಿಗೆ ಕೈಚಾಚುವುದನ್ನು
ಗ್ರಾಹಕ ಎನ್ನುತ್ತಾರೆ. ಅಂಗಡಿಗೆ ಬರುವವನನ್ನೂ.
ಬೆರ್ನಿಸ್‌ಗೆ ತಿಳಿದಿದ್ದರೆ ನಗುತ್ತಿದ್ದಳು.
ಅವಳಪ್ಪನದು ಹಾರ್ಡ್‌ವೇರ್ ಅಂಗಡಿ; ಒಂದೇ ಡಬ್ಬಿಯ ಮೊಳೆಯಲ್ಲಿ
ಒಬ್ಬ ಕೋಳಿಗೂಡು ಕಟ್ಟಿದ,
ಇನ್ನೊಬ್ಬ ನೆರೆಯವನ ಟೈರಿನ ಕೆಳಗಿಟ್ಟ.
ಮೊಳೆಯದೇನು ತಪ್ಪು?

ಮಿದುಳಿನ ಕಾಂಡದಲ್ಲೊಂದು ನೀಲಿ ಚುಕ್ಕೆ.
ಅಲ್ಲಿಂದ ಹೊರಡುವ ಸರಕು ಒಂದೇ, ನಾರ್‌ಅಡ್ರಿನಲಿನ್.
ಬೀಟಾ ಕೊಂಡರೆ, ಹಲವು ಸಲ, ಕಿಡಿಗೆ ಗಾಳಿ.
ಆಲ್ಫಾ ಎರಡು ಕೊಂಡರೆ ಬಾಗಿಲು ಓರೆ ಮಾಡುತ್ತಾನೆ.
ಆಲ್ಫಾ ಒಂದು ಎ, ಅವನದೇ ವಿಚಿತ್ರ:
ಗದ್ದಲದವರ ತಂಟೆಗೇ ಹೋಗುವುದಿಲ್ಲ.
ಗದ್ದಲ ಅಡಗಿಸಲೆಂದೇ ಇಟ್ಟ ಕಾವಲಿನವರಿದ್ದಾರಲ್ಲ,
ಮೂಲೆಯಲ್ಲಿ ತೂಕಡಿಸುತ್ತ,
ಅವರ ಕಿವಿಯಲ್ಲಿ ಕಿರುಚುತ್ತಾನೆ.

ಆದರೆ ಅದೇ ಮುಖದ ಗ್ರಾಹಕ
ರಕ್ತನಾಳದ ಗೋಡೆಗೂ ಒರಗಿದ್ದಾನೆ.
ಮಿದುಳಿಗೆಂದು ಕಳಿಸಿದ್ದನ್ನು ದಾರಿಯಲ್ಲೇ ಕೊಂಡು
ನಾಳ ಹಿಂಡುತ್ತಾನೆ, ಒತ್ತಡ ಏರುತ್ತದೆ.
ನಿನಗಲ್ಲ, ಪಕ್ಕದವನಿಗೆ ಅಂತ ಹೇಳಬಲ್ಲ ಅಣು
ಇನ್ನೂ ಈ ಕಪಾಟಿನಲ್ಲಿಲ್ಲ.
ಇರುವುದು ಲೇಬಲ್ ಅಂಟಿಸಿದ ಹದಿನೇಳು ಸೀಸೆ,
ಬೆರ್ನಿಸ್ ಬರೆದ ಅಂಕೆಗಳು.

ಹನ್ನೊಂದನೆಯದನ್ನು ತೊಟ್ಟಿಗೆ ಬಿಟ್ಟಳು. ಆರು ನಿಮಿಷ.
ಬಾಚಣಿಗೆಯ ಹಲ್ಲು ಒಂದೊಂದೇ ಉದುರಿ
ನಡುನಡುವೆ ಬಯಲು.
ತೊಳೆದಳು. ಹಲ್ಲು ಮತ್ತೆ ಮೊಳೆಯಿತು.
ತೊಳೆದಾಗ ಮರಳಿ ಬಂದರೆ ಇಲ್ಲಿ ಅದು ಪುರಾವೆ,
ನೋಟ್‌ಬುಕ್ಕಿನಲ್ಲಿ ಸರಿ ಗುರುತು.
ಮನೆಯಲ್ಲಿ ಮರಳಿ ಬಂದರೆ
ತಲೆಯ ಕೆಳಗೆ ದಿಂಬು, ಕಣ್ಣು ಗಡಿಯಾರದ ಮೇಲೆ.

ಸಂಜೆ ಐದಕ್ಕೇ ಕತ್ತಲು. ತಮ್ಮನನ್ನು ಹತ್ತಿಸಿಕೊಂಡಳು.
"ಇವತ್ತು ನಿಂತಿತೇ?"
"ನಿಂತಿತು. ಹೋಳಿನಲ್ಲಿ."
"ನನ್ನನ್ನೂ ಕುಯ್ದುಬಿಡು ಹಾಗಾದರೆ," ಎಂದು ನಕ್ಕ,
ಕಿಟಕಿಯ ಮಂಜು ತೋಳಿನಲ್ಲಿ ಒರೆಸಿದ.
ಸೇತುವೆಯ ಮೇಲೆ ಕಾಣದ ಐಸು.
ಅವನ ಬಲಗಾಲು ಮ್ಯಾಟನ್ನು ಒತ್ತಿತು ಜೋರಾಗಿ,
ಮೂವತ್ತು ವರ್ಷ ಲಾರಿ ಹೊಡೆದ ಕಾಲು,
ಅಲ್ಲಿ ಇಲ್ಲದ ಬ್ರೇಕನ್ನು.

ಕಾರು ನಿಧಾನವಾಯಿತು.
ಅವಳು ಆಕ್ಸಿಲರೇಟರಿನಿಂದ ಕಾಲೆತ್ತಿದ್ದಳು ಅಷ್ಟೆ,
ಹಾಗಂತ ಹೇಳಲಿಲ್ಲ.